ಹಳೇ ಫೋನ್‌ಗೂ ಕಲಿಸುವ ಹಕ್ಕಿದೆ

ಪ್ರಶ್ನೆ: ನಾವು ಟೈಪ್ ಮಾಡಿದ್ದು ಫೋನ್ ಬಿಟ್ಟು ಹೋಗದಿದ್ದರೂ ಕೀಬೋರ್ಡ್ ಆ್ಯಪ್ ಅದರಿಂದ ಕಲಿಯುತ್ತದಂತೆ. ಹೇಗೆ? ನನ್ನದು ಹಳೇ ಫೋನ್, ಅದೂ ಲೆಕ್ಕಕ್ಕೆ ಬರುತ್ತದಾ?

ಉತ್ತರ: ಇದಕ್ಕೆ ಫೆಡರೇಟೆಡ್ ಲರ್ನಿಂಗ್ ಅಂತಾರೆ. ಗೂಗಲ್‌ನ ಬ್ರೆಂಡನ್ ಮೆಕ್‌ಮಹಾನ್ ಮತ್ತು ಸಂಗಡಿಗರು 2016ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದರು. ಮರುವರ್ಷ ಗೂಗಲ್ ತನ್ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲಿ ಇದನ್ನು ಪರೀಕ್ಷಿಸುತ್ತಿತ್ತು. ಸರ್ವರ್, ಅಂದರೆ ಕಂಪನಿಯ ಕೇಂದ್ರ ಕಂಪ್ಯೂಟರ್, ಫೋನ್‌ಗಳಿಗೆ ಒಂದು ಮಾಡೆಲ್ ಕಳಿಸುತ್ತದೆ. ಮಾಡೆಲ್ ಅಂದರೆ ಮುಂದಿನ ಪದ ಯಾವುದು ಎಂದು ಅಂಕಿಗಳ ಲೆಕ್ಕದಿಂದ ಊಹಿಸುವ ಪ್ರೋಗ್ರಾಂ. ಪ್ರತಿ ಫೋನ್ ತನ್ನ ಡೇಟಾ ನೋಡಿ ಅದನ್ನು ಸ್ವಲ್ಪ ತಿದ್ದುತ್ತದೆ. ವಾಪಸ್ ಹೋಗುವುದು ಆ ತಿದ್ದುಪಡಿಯ ಅಂಕಿಗಳು ಮಾತ್ರ. ಸರ್ವರ್ ಅವುಗಳ ಸರಾಸರಿ ತೆಗೆದು ಹೊಸ ಮಾಡೆಲ್ ಹಂಚುತ್ತದೆ.

ನಿಮ್ಮ ಎರಡನೇ ಪ್ರಶ್ನೆ ಇದೆಯಲ್ಲ, ಈ ಕ್ಷೇತ್ರದ ನಿಜವಾದ ಕಷ್ಟ ಅದೇ. ಜಿಬೋರ್ಡ್ ತಂಡ 2018ರ ಪ್ರಬಂಧದಲ್ಲಿ ಷರತ್ತುಗಳನ್ನು ಬರೆದಿದೆ: ಫೋನ್ ಚಾರ್ಜ್ ಆಗುತ್ತಿರಬೇಕು, ಸುಮ್ನೆ ಬಿದ್ದಿರಬೇಕು, ಡೇಟಾ ಖರ್ಚಿನ ಚಿಂತೆಯಿಲ್ಲದ ನೆಟ್‌ವರ್ಕ್ ಇರಬೇಕು, ಕನಿಷ್ಠ 2 ಜಿಬಿ ಮೆಮೊರಿಯೂ ಬೇಕು. ಮೊದಲ ಮೂರು ಸರಿ, ಬ್ಯಾಟರಿಯನ್ನೂ ಹಣವನ್ನೂ ಉಳಿಸುತ್ತವೆ. ಆದರೆ ಮೆಮೊರಿಯ ಗೆರೆ ಎಳೆದ ಕೂಡಲೇ ಕೆಲವರು ಹೊರಗೆ ಉಳಿಯುತ್ತಾರೆ. ಅವರ ಮಾತು, ಅವರ ಬರವಣಿಗೆ ಬೇರೆ ಥರ ಇದ್ದರೆ ಮಾಡೆಲ್‌ಗೆ ಅದು ಗೊತ್ತೇ ಆಗುವುದಿಲ್ಲ ಅಲ್ವಾ?

ಒಳಗೆ ಬಂದವರಿಗೂ ವೇಗದ ತೊಂದರೆ ಇದೆ. ಡೇಟಾವನ್ನು 5 ಸಲ ಓದಿ ಕಲಿಯಿರಿ ಎಂದು ಸರ್ವರ್ ಹೇಳಿತು ಅಂದುಕೊಳ್ಳಿ. ಹೊಸ ಫೋನ್ ಐದನ್ನೂ ಮುಗಿಸುತ್ತದೆ. ಹಳೆಯದು ಎರಡನೇ ಸಲ ಮುಗಿಸುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಮಾಡಿದ ಕೆಲಸ ಅಷ್ಟೂ ವ್ಯರ್ಥ. 2018ರಲ್ಲಿ ಬಂದ ಫೆಡ್‌ಪ್ರಾಕ್ಸ್ ವಿಧಾನ ನನಗೆ ಇಷ್ಟವಾಗುವುದು ಇದಕ್ಕೇ: ಅರ್ಧ ಮಾಡಿದ ಕೆಲಸವನ್ನೂ ಅದು ತೆಗೆದುಕೊಳ್ಳುತ್ತದೆ. ಯಾವ ಫೋನೂ ತನ್ನ ಡೇಟಾದ ಬೆನ್ನುಹತ್ತಿ ಮೂಲ ಮಾಡೆಲ್‌ನಿಂದ ತೀರಾ ದೂರ ಹೋಗದಂತೆ ಹಿಡಿದೂ ಇಡುತ್ತದೆ. ಹೆಟೆರೊಎಫ್‌ಎಲ್ ಎಂಬ ಇನ್ನೊಂದು ವಿಧಾನದಲ್ಲಿ ಶಕ್ತಿ ಕಮ್ಮಿ ಇರುವ ಫೋನ್‌ಗೆ ಮಾಡೆಲ್‌ನ ಒಂದು ಭಾಗ ಮಾತ್ರ ಕೊಡುತ್ತಾರೆ.

ಗುಟ್ಟಿನ ವಿಷಯಕ್ಕೂ ಒಂದು ಮಾತು. ಅಂಕಿಗಳಷ್ಟೇ ಹೋದರೆ ಏನೂ ಸೋರುವುದಿಲ್ಲ ಎಂದು ನಂಬಬೇಡಿ. ಆ ಅಂಕಿಗಳಿಂದಲೇ ಮೂಲ ಚಿತ್ರ, ಪದಗಳನ್ನು ಮತ್ತೆ ಕಟ್ಟಬಹುದು ಎಂದು 2019ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಅದಕ್ಕೇ ಒಬ್ಬೊಬ್ಬರ ಅಂಕಿ ಕಾಣದೆ ಒಟ್ಟು ಮೊತ್ತ ಮಾತ್ರ ಸರ್ವರ್‌ಗೆ ಸಿಗುವಂತೆ ಮಾಡುವ ಸೆಕ್ಯೂರ್ ಅಗ್ರಿಗೇಶನ್ ಬೇಕು.

ಇಂಥ ಮಾಡೆಲ್ ಕಟ್ಟುವವರಿಗೆ ನಾನು ಕೇಳುವುದು ಇಷ್ಟೇ: ಒಟ್ಟು ಸರಾಸರಿ ನಿಖರತೆ ಒಂದನ್ನೇ ತೋರಿಸಬೇಡಿ. ಹಳೇ ಫೋನ್‌ಗಳಲ್ಲಿ ಎಷ್ಟು, ಹೊಸವುಗಳಲ್ಲಿ ಎಷ್ಟು ಅಂತ ಬೇರೆ ಬೇರೆ ಬರೆಯಿರಿ.