ಸ್ಟಾರ್ಟರಿನ ಮಿನುಗು, ಟೆಸ್ಟರಿನ ಕಿತ್ತಳೆ ಬೆಳಕು

ಪ್ರಶ್ನೆ: ಹೂಮಳೆಯ ದಿನಗಳಲ್ಲಿ ವೋಲ್ಟೇಜ್ ಇಳಿದರೆ ನಮ್ಮ ತೋಟದ ಮನೆಯಲ್ಲಿ ಹಳೆಯ ಚೋಕಿನ ಟ್ಯೂಬ್‌ಲೈಟ್ ಹತ್ತುವುದಿಲ್ಲ, ಸ್ಟಾರ್ಟರ್ ಮಾತ್ರ ಮಿನುಗುತ್ತಲೇ ಇರುತ್ತದೆ. ಆ ಮಿನುಗೂ ಟೆಸ್ಟರಿನ ಕಿತ್ತಳೆ ಬೆಳಕೂ ಪ್ಲಾಸ್ಮಾ ಎಂದು ಮಗಳ ವಿಜ್ಞಾನದ ಮೇಷ್ಟ್ರು ಹೇಳಿದರಂತೆ. ಸಿಡಿಲೂ ಪ್ಲಾಸ್ಮಾ ತಾನೇ? ಅದು ಸಿಲ್ವರ್ ಮರವನ್ನೇ ಸೀಳುವಾಗ ಟೆಸ್ಟರ್ ಕೈಗೆ ಬೆಚ್ಚಗೂ ತಾಗದಿರುವುದೇಕೆ? ದೀಪವಲ್ಲದೆ ಇದರಿಂದ ಬೇರೆ ಪ್ರಯೋಜನವುಂಟೆ?
– ಓದುಗರೊಬ್ಬರು, ಸುಂಟಿಕೊಪ್ಪ

ಉತ್ತರ: ಮೇಷ್ಟ್ರು ಹೇಳಿದ್ದು ಸರಿ. ಮೂರೂ ಪ್ಲಾಸ್ಮಾವೇ, ಅಂದರೆ ಎಲೆಕ್ಟ್ರಾನುಗಳೂ, ಅವನ್ನು ಕಳೆದುಕೊಂಡ ಪರಮಾಣುಗಳಾದ ಅಯಾನುಗಳೂ ಬಿಡಿಬಿಡಿಯಾಗಿ ಓಡಾಡುವ ಅನಿಲ. ಆದರೆ ಸಿಡಿಲಿನಲ್ಲಿ ದಟ್ಟವಾದ ಗಾಳಿಯ ಮೂಲಕ ಸಾವಿರಾರು ಆಂಪಿಯರ್ ವಿದ್ಯುತ್ ಒಮ್ಮೆಲೇ ಹರಿಯುವುದರಿಂದ ಅಲ್ಲಿನ ಗಾಳಿ ಸುಮಾರು 30,000 ಡಿಗ್ರಿಯವರೆಗೆ ಕಾಯುತ್ತದೆ. ಟೆಸ್ಟರಿನ ಪುಟ್ಟ ಬಲ್ಬಿನಲ್ಲಿರುವುದು ಕಡಿಮೆ ಒತ್ತಡದ ನಿಯಾನ್; ಹರಿಯುವ ವಿದ್ಯುತ್ತು ಒಂದು ಮಿಲಿಆಂಪಿಯರಿಗಿಂತಲೂ ಕಡಿಮೆ. ಅಲ್ಲಿ ಎಲೆಕ್ಟ್ರಾನುಗಳಷ್ಟೇ 10,000 ಡಿಗ್ರಿಗೂ ಮೀರಿದ ಉಷ್ಣತೆಗೆ ಸಮನಾದ ಶಕ್ತಿ ಪಡೆಯುತ್ತವೆ. ನಿಯಾನ್ ಪರಮಾಣು ಎಲೆಕ್ಟ್ರಾನಿಗಿಂತ ಸುಮಾರು 37,000 ಪಟ್ಟು ಭಾರವಾದ್ದರಿಂದ, ಬಂಡೆಗೆ ಬಡಿದ ಕಾಳುಮೆಣಸಿನಂತೆ ಎಲೆಕ್ಟ್ರಾನು ಪುಟಿಯುತ್ತದೆಯೇ ಹೊರತು ಪರಮಾಣುವನ್ನು ಅಲುಗಿಸಲಾರದು. ಹೀಗಾಗಿ ಅನಿಲ ತಣ್ಣಗೇ ಉಳಿಯುತ್ತದೆ. ಇದೇ ಗ್ಲೋ ಡಿಸ್ಚಾರ್ಜ್.

ಟೆಸ್ಟರಿನೊಳಗೆ ಸೂಕ್ಷ್ಮವಾಗಿ ನೋಡಿದರೆ ಬೆಳಕು ಇಡೀ ಬಲ್ಬನ್ನು ತುಂಬದೆ ಲೋಹದ ಕಡ್ಡಿಗಳಿಗೆ ಅಂಟಿಕೊಂಡಿರುವುದು ಕಾಣುತ್ತದೆ. ವಿದ್ಯುತ್ತಿನ ದಿಕ್ಕು ಬದಲಾದಂತೆಲ್ಲ ಯಾವ ಕಡ್ಡಿ ಋಣಾಗ್ರ (ನೆಗೆಟಿವ್ ತುದಿ) ಆಗುತ್ತದೆಯೋ ಅದರ ಸುತ್ತಲೇ ಬೆಳಕು. ಧನ ಅಯಾನುಗಳು ಋಣಾಗ್ರಕ್ಕೆ ನುಗ್ಗಿ ಬಡಿಯುತ್ತವೆ, ಆ ಬಡಿತಕ್ಕೆ ಹೊಸ ಎಲೆಕ್ಟ್ರಾನುಗಳು ಹೊರಬಿದ್ದು ವಿದ್ಯುತ್ ಹರಿವು ನಿಲ್ಲದಂತೆ ನೋಡಿಕೊಳ್ಳುತ್ತವೆ. ತಾವು ಕೇಳಿದ ಪ್ರಯೋಜನಗಳ ಮೂಲವೂ ಈ ಬಡಿತವೇ ಎಂಬುದು ನನ್ನ ಅಭಿಪ್ರಾಯ. ಬೆಳಕು ಅದರ ಜೊತೆಗೆ ಬಂದದ್ದು.

ಸ್ಟಾರ್ಟರಿನಲ್ಲಿ ಅದೇ ಬಡಿತದಿಂದ ಎರಡು ಲೋಹಗಳನ್ನು ಬೆಸೆದ ಪಟ್ಟಿ ಬಿಸಿಯಾಗಿ ಬಾಗಿ ಸಂಪರ್ಕ ಕೂಡಿಸುತ್ತದೆ. ಟ್ಯೂಬಿನ ತುದಿಯ ಫಿಲಮೆಂಟುಗಳು ಕಾಯುವಷ್ಟರಲ್ಲಿ ಪಟ್ಟಿ ತಣಿದು ಬಿಡಿಸಿಕೊಳ್ಳುತ್ತದೆ, ಆ ಕ್ಷಣದಲ್ಲಿ ಚೋಕ್ ಕೊಡುವ ಹೆಚ್ಚಿನ ವೋಲ್ಟೇಜಿಗೆ ಟ್ಯೂಬ್ ಹತ್ತಿಕೊಳ್ಳುತ್ತದೆ. ವೋಲ್ಟೇಜ್ ಇಳಿದಾಗ ಟ್ಯೂಬ್ ಹತ್ತದೆ ಇದೇ ಕ್ರಿಯೆ ಮತ್ತೆ ಮತ್ತೆ ನಡೆಯುತ್ತದೆ. ಅದೇ ತಾವು ಕಂಡ ಮಿನುಗು. ಆಗ ಸ್ವಿಚ್ ಆರಿಸಿಬಿಡುವುದು ಒಳ್ಳೆಯದು. ಇಲ್ಲವಾದರೆ ಫಿಲಮೆಂಟಿನ ಲೇಪ ಅಯಾನುಗಳ ಏಟಿಗೆ ಉದುರಿ ಗಾಜಿಗೆ ಅಂಟಿ ಟ್ಯೂಬಿನ ತುದಿಗಳು ಕಪ್ಪಾಗುತ್ತವೆ.

ಟ್ಯೂಬನ್ನು ಕೆಡಿಸುವ ಈ ಗುಣವೇ ಕಾರ್ಖಾನೆಯಲ್ಲಿ ಒಂದು ಕಸುಬಾಗಿದೆ. ಋಣಾಗ್ರದ ಲೋಹ ಹೀಗೆ ಎದ್ದು ಬೇರೆಡೆ ಅಂಟುವುದನ್ನು ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಗ್ರೋವ್ 1852ರಲ್ಲಿಯೇ ವರದಿ ಮಾಡಿದ್ದರು. ಇಂದು ಸ್ಪಟರಿಂಗ್ ಎಂಬ ಹೆಸರಿನಲ್ಲಿ ಆರ್ಗಾನ್ ಅಯಾನುಗಳಿಂದ ಲೋಹವನ್ನು ಬಡಿದೆಬ್ಬಿಸಿ ಕಂಪ್ಯೂಟರ್ ಹಾರ್ಡ್ ಡಿಸ್ಕಿನ ಕಾಂತೀಯ ಪದರವನ್ನೂ ದೊಡ್ಡ ಕಟ್ಟಡಗಳ ಕಿಟಕಿಗಾಜಿನ ಶಾಖತಡೆ ಲೇಪವನ್ನೂ ಹಾಕುತ್ತಾರೆ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಪ್ಲಾಸ್ಮಾ ನೈಟ್ರೈಡಿಂಗ್. ಉಕ್ಕಿನ ಗೇರನ್ನೇ ಋಣಾಗ್ರವಾಗಿಸಿ, ಗಾಳಿ ತೆಗೆದ ಕೋಣೆಗೆ ಸ್ವಲ್ಪ ನೈಟ್ರೋಜನ್ ಮತ್ತು ಹೈಡ್ರೋಜನ್ ಬಿಟ್ಟು ವಿದ್ಯುತ್ ಹಾಯಿಸಿದರೆ, ನೇರಳೆ ಬೆಳಕು ಗೇರಿನ ಹಲ್ಲುಹಲ್ಲನ್ನೂ ಹೊದ್ದುಕೊಳ್ಳುತ್ತದೆ. ಸುಮಾರು 500 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟಾಗ ನೈಟ್ರೋಜನ್ ಉಕ್ಕಿನೊಳಗೆ ಇಳಿದು ಮೇಲ್ಮೈ ಬಹಳ ಗಡುಸಾಗುತ್ತದೆ, ಒಳಭಾಗದ ಗಟ್ಟಿತನ ಹಾಗೆಯೇ ಇರುತ್ತದೆ, ಆಕಾರವೂ ಹೆಚ್ಚು ಕೆಡುವುದಿಲ್ಲ. ಗುಜರಾತಿನ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಈ ವಿಧಾನವನ್ನು ನಮ್ಮ ದೇಶದ ಕೈಗಾರಿಕೆಗಳಿಗೆ ಒದಗಿಸಲು ಶ್ರಮಿಸಿದೆ.

ಇನ್ನು ಮಗಳ ಮೊಬೈಲಿನ ಚಿಪ್. ಅದರ ಸಿಲಿಕಾನಿನಲ್ಲಿ ಅತಿ ಸಣ್ಣ ಗೀರುಗಳನ್ನು ಕೊರೆಯುವುದೂ ಕಡಿಮೆ ಒತ್ತಡದ ಪ್ಲಾಸ್ಮಾವೇ. ಫ್ಲೋರಿನ್ ಇರುವ ಅನಿಲದ ಪ್ಲಾಸ್ಮಾದಲ್ಲಿ ಸಿಲಿಕಾನ್ ಅನಿಲವಾಗಿ ಎದ್ದು ಹೋಗುತ್ತದೆ. ಅಯಾನುಗಳು ಮೇಲಿನಿಂದ ನೇರವಾಗಿ ಬೀಳುವುದರಿಂದ ಗೀರಿನ ಗೋಡೆಗಳು ನೆಟ್ಟಗೆ ನಿಲ್ಲುತ್ತವೆ.