ಗೋಮುಖ ಹಿಂದೆ ಸರಿಯುತ್ತಿದೆ ಅಂತಾರಲ್ಲ, ಹಿಮನದಿ ನಿಜಕ್ಕೂ ಹಿಂದಕ್ಕೆ ಹೋಗುತ್ತದೆಯೇ?

ಕಲಬುರಗಿಯಿಂದ ಗಂಗೋತ್ರಿ ಯಾತ್ರೆ ಮುಗಿಸಿ ಬಂದವರು ಕೇಳಿದ್ದಾರೆ: ಹಿರಿಯರು ಕಂಡ ಜಾಗದಲ್ಲಿ ಈಗ ಗೋಮುಖ (ಗಂಗೋತ್ರಿ ಹಿಮನದಿಯ ಕೆಳತುದಿ) ಇಲ್ಲ, ಹಿಮ ಹಿಂದಕ್ಕೆ ಜಾರಿತೇ? ಭೀಮೆಗೂ ಇದರ ಪೆಟ್ಟು ಬೀಳುತ್ತದೆಯೇ?

ಹಿಮ ಹಿಂದಕ್ಕೆ ಹೋಗುವುದೇ ಇಲ್ಲ. ತನ್ನದೇ ಭಾರಕ್ಕೆ ಅದು ಸದಾ ಇಳಿಜಾರಿನತ್ತ ಜರುಗುತ್ತಿರುತ್ತದೆ. ಮೇಲಿಂದ ಬರುವ ಹಿಮಕ್ಕಿಂತ ಕೆಳತುದಿಯಲ್ಲಿ ಕರಗುವುದು ಜಾಸ್ತಿಯಾದಾಗ ತುದಿ ಮಾತ್ರ ಮೇಲಕ್ಕೆ ಸರಿಯುತ್ತದೆ. ನಮ್ಮ ಹಗೇವಿನ ಜೋಳದ ಲೆಕ್ಕವೇ ಇದು: ತುಂಬಿದ್ದಕ್ಕಿಂತ ತೆಗೆದದ್ದು ಹೆಚ್ಚಾದರೆ ರಾಶಿ ಇಳಿಯಲೇಬೇಕು.

ಗಂಗೋತ್ರಿ ರಾಷ್ಟ್ರೀಯ ಉದ್ಯಾನದ ಈ ಹಿಮನದಿ ಸುಮಾರು 30 ಕಿ.ಮೀ. ಉದ್ದ. ಅದರ ಕೆಳತುದಿಯಾದ ಗೋಮುಖ ಸುಮಾರು 4,000 ಮೀಟರ್ ಎತ್ತರದಲ್ಲಿದೆ. ಅಳತೆಗಳ ಪ್ರಕಾರ ಅದು 1935ರಿಂದ 20ನೇ ಶತಮಾನದ ಕೊನೆಯ ಹೊತ್ತಿನವರೆಗೆ ವರ್ಷಕ್ಕೆ ಸರಾಸರಿ 20 ಮೀಟರ್ ಆಸುಪಾಸು ಸರಿದಿದೆ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ: ಹಿಂದೆ ಇದಕ್ಕೆ ಬಂದು ಕೂಡುತ್ತಿದ್ದ ಚತುರಂಗಿ ಹಿಮನದಿ ಈಗ ಕಳಚಿಕೊಂಡಿದೆ. ಅಂದರೆ ಆದಾಯದ ಒಂದು ದಾರಿಯೇ ಮುಚ್ಚಿತು.

ಗೋಮುಖದ ಹತ್ತಿರ ಹಿಮ ಬೆಳ್ಳಗಿರುವುದಿಲ್ಲ, ಕಲ್ಲುಮಣ್ಣು ಮುಚ್ಚಿರುತ್ತದೆ. ಈ ಹೊದಿಕೆ ದಪ್ಪಗಿದ್ದರೆ ಕರಗುವುದು ನಿಧಾನ. ತೆಳ್ಳಗಿದ್ದರೆ ಬಿಸಿಲು ಹೀರಿ ಇನ್ನೂ ಬೇಗ ಕರಗಿಸುತ್ತದೆ. ಅಲ್ಲಿಂದ ಹೊರಬರುವ ನೀರು ಬೂದುಬಣ್ಣಕ್ಕಿರುವುದು ಹಿಮ ಅರೆದ ಬಂಡೆಯ ನುಣ್ಣನೆ ಹಿಟ್ಟಿನಿಂದ.

ಇನ್ನು ಭೀಮೆ. ಅದಕ್ಕೂ ಹಿಮಾಲಯಕ್ಕೂ ಸಂಬಂಧವಿಲ್ಲ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಅದು ಮಳೆಯನ್ನೇ ನಂಬಿದ ನದಿ. ಬೇಸಿಗೆಯಲ್ಲಿ ಅದು ಬತ್ತಿದರೆ ಮಳೆಯನ್ನು, ಮೇಲಿನ ಅಣೆಕಟ್ಟುಗಳನ್ನು ನೋಡಬೇಕು.