ಸಂಬಳ ಜಾಸ್ತಿ ಇದ್ರೂ ಮಗುಗೆ ಮೆಡಿಕಲ್ ಅಸಿಸ್ಟೆನ್ಸ್ ಸಿಗುತ್ತಾ ಅಂತ ಕೇಳಿದ್ರಲ್ಲ

ದಾವಣಗೆರೆಯಿಂದ ಪಿಟ್ಸ್‌ಬರ್ಗ್‌ಗೆ ಹೊಸದಾಗಿ ಬಂದಿದೀವಿ, ಐದು ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದ್ರೆಯಿಂದ ಕೈಕಾಲು ಹಿಡಿತಕ್ಕೆ ಬರದ ಸ್ಥಿತಿ), ಯಜಮಾನ್ರು ಎಚ್-1ಬಿ ಕೆಲಸದ ವೀಸಾದಲ್ಲಿದಾರೆ, ಅವರ ಸಂಬಳಕ್ಕೆ ಮೆಡಿಕೇಡ್, ಅಂದ್ರೆ ಸರ್ಕಾರದ ಆರೋಗ್ಯ ವಿಮೆ, ಸಿಗಲ್ಲ ಅಂತ ಎಲ್ಲರೂ ಹೇಳ್ತಿದಾರೆ, ನಿಜಾನಾ ಅಂತ ಕೇಳಿದೀರಿ. ಅರ್ಜಿ ಹಾಕದೆ ಬಿಡ್ಬೇಡಿ ಕಣ್ರೀ. ಪೆನ್ಸಿಲ್ವೇನಿಯಾದಲ್ಲಿ ಮೆಡಿಕೇಡ್‌ಗೆ ಮೆಡಿಕಲ್ ಅಸಿಸ್ಟೆನ್ಸ್ ಅಂತಾರೆ, ಅದ್ರಲ್ಲಿ ಪಿಎಚ್-95 ಅಂತ ಒಂದು ಕೆಟಗರಿ ಇದೆ. ಮಗುಗೆ 18 ತುಂಬಿರ್ಬಾರ್ದು, ಸೋಶಿಯಲ್ ಸೆಕ್ಯುರಿಟಿ ಅನ್ನೋ ಫೆಡರಲ್ ಇಲಾಖೆಯವರ ಅಳತೆಗೆ ಡಿಸಬಿಲಿಟಿ ಇರ್ಬೇಕು, ಅಷ್ಟಿದ್ರೆ ಅಪ್ಪ ಅಮ್ಮನ ಸಂಬಳ ಲೆಕ್ಕಕ್ಕೇ ಬರಲ್ಲ. ಪೇಸ್ಲಿಪ್ ಕೇಳ್ತಾರೆ, ಕೊಡಿ, ಆದ್ರೆ ಅದು ನೋಡಿ ಇಲ್ಲ ಅನ್ನಂಗಿಲ್ಲ.

ವೀಸಾ ವಿಷಯ. ಲೀಗಲ್ ಆಗಿ ಇಲ್ಲಿ ವಾಸ ಇರೋ ಮಕ್ಕಳನ್ನ ಈ ರಾಜ್ಯ ಮೆಡಿಕೇಡ್‌ಗೆ ಐದು ವರ್ಷ ಕಾಯಿಸಲ್ಲ, ಎಚ್-4 (ಎಚ್-1ಬಿಯವರ ಮನೆಯವರ ವೀಸಾ) ಮಕ್ಕಳೂ ಅದ್ರಲ್ಲಿ ಬರ್ತಾರೆ. ಬೇರೆ ರಾಜ್ಯದ ಫ್ರೆಂಡ್ಸ್ ಹೇಳಿದ್ದು ಇಲ್ಲಿಗೆ ಹೊಂದಲ್ಲ, ಒಂದೊಂದು ಕಡೆ ಒಂದೊಂದು ರೂಲ್. ಗ್ರೀನ್ ಕಾರ್ಡ್‌ಗೆ ತೊಂದ್ರೆ ಆಗುತ್ತಾ ಅನ್ನೋ ಭಯ ಎಲ್ಲರಿಗೂ ಇದೆ. ಗ್ರೀನ್ ಕಾರ್ಡ್ ಕೇಳೋರು ಸರ್ಕಾರಕ್ಕೆ ಹೊರೆ ಆಗ್ತಾರಾ ಅಂತ ನೋಡೋದಕ್ಕೆ ಪಬ್ಲಿಕ್ ಚಾರ್ಜ್ ಅಂತಾರೆ; ಅದ್ರ 2022ರ ರೂಲ್ ಪ್ರಕಾರ ಸರ್ಕಾರದ ಖರ್ಚಲ್ಲಿ ದೀರ್ಘಕಾಲ ಸಂಸ್ಥೆಯಲ್ಲಿ ಇರೋದು ಬಿಟ್ರೆ ಮೆಡಿಕೇಡ್ ಲೆಕ್ಕಕ್ಕಿಲ್ಲ, ಆದ್ರೆ ಸರ್ಕಾರ ಬದಲಾದಂಗೆ ಈ ರೂಲ್ಸೂ ಬದಲಾಗುತ್ವೆ, ಅದಕ್ಕೆ ಅರ್ಜಿಗೆ ಮುಂಚೆ ಒಬ್ಬ ಇಮಿಗ್ರೇಶನ್ ಲಾಯರ್ ಹತ್ರ ಮಾತಾಡಿ, ವಾಟ್ಸಾಪ್ ಗ್ರೂಪ್ ನಂಬಬೇಡಿ.

ಅರ್ಜಿ ಕಂಪಾಸ್ ಅನ್ನೋ ರಾಜ್ಯ ಸರ್ಕಾರದ ಸೈಟಲ್ಲಿ ಹಾಕಿ, ಡಿಸಬಿಲಿಟಿ ಪ್ರಶ್ನೆಗೆ ಹೌದು ಅನ್ನಿ, ಪಿಎಚ್-95ಗೆ ನೋಡಿ ಅಂತ ಸ್ಪಷ್ಟವಾಗಿ ಬರೆದು ಕಳ್ಸಿ. ನಿಮ್ಹಾನ್ಸ್ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆ ರಿಪೋರ್ಟ್ ಇದ್ರೆ ಅದನ್ನೂ ಇಲ್ಲಿನ ಡಾಕ್ಟರ್‌ಗೆ ತೋರ್ಸಿ. ಇಲ್ಲೇ ನಮ್ಮವರು ಎಡವೋದು. ಡಾಕ್ಟರ್ ಹೇಗಿದಾನೆ ಅಂದ ತಕ್ಷಣ "ಪರವಾಗಿಲ್ಲ, ಮ್ಯಾನೇಜ್ ಮಾಡ್ತೀವಿ" ಅಂತೀವಿ, ಅವರು ಅದನ್ನೇ ಬರ್ಕೊಂತಾರೆ, ಫೈಲ್ ನೋಡೋರಿಗೆ ಮಗು ಆರಾಮಾಗಿದೆ ಅನ್ಸುತ್ತೆ. ನನ್ನ ಮಗಳಿಗೂ ಸೆರೆಬ್ರಲ್ ಪಾಲ್ಸಿ, ಅರ್ಜಿಗೆ ಅವಳ ಡಾಕ್ಟರ್ ಕೊಟ್ಟ ಲೆಟರಲ್ಲಿ ಇದ್ದಿದ್ದು ಹೀಗೆ: ಒಂದೊತ್ತು ಊಟಕ್ಕೆ ಮುಕ್ಕಾಲು ಗಂಟೆ, ನೀರು ಗಂಟಲಿಗೆ ಹತ್ತುತ್ತೆ, ರಾತ್ರಿ ಎರಡು ಸಲ ಎದ್ದು ಮಗ್ಗಲು ತಿರುಗಿಸ್ಬೇಕು, ಒಬ್ಬರೇ ಸ್ನಾನ ಮಾಡ್ಸಕ್ಕಾಗಲ್ಲ. ಹೇಳೋಕೆ ಹೊಟ್ಟೆ ಉರಿಯುತ್ತೆ, ಆದ್ರೂ ಹಂಗೇ ಹೇಳಿ, ಮಗು ಪರವಾಗಿ ಮಾತಾಡೋರು ನೀವೇ.

ಕಂಪನಿ ಇನ್ಶೂರೆನ್ಸ್ ಬಿಡ್ಬೇಡಿ. ಮೊದ್ಲು ಅದು ಕೊಡುತ್ತೆ, ಉಳಿದಿದ್ದಕ್ಕೆ ಮೆಡಿಕಲ್ ಅಸಿಸ್ಟೆನ್ಸ್ (ಎಂಎ) ಬರುತ್ತೆ, ಡಾಕ್ಟರ್ ಎಂಎ ತಗೊಳ್ಳೋರಾಗಿದ್ರೆ ಕೋಪೇನೂ, ಅಂದ್ರೆ ಪ್ರತಿ ಸಲ ನಾವು ಕೈಯಿಂದ ಕೊಡೋ ಪಾಲೂ, ಅದೇ ಕೊಡುತ್ತೆ. ಇನ್ನೂ ದೊಡ್ಡದು ಇಪಿಎಸ್‌ಡಿಟಿ ಅನ್ನೋ ಫೆಡರಲ್ ಕಾನೂನು: 21 ವರ್ಷದೊಳಗಿನ ಮಗುಗೆ ವೈದ್ಯಕೀಯವಾಗಿ ಬೇಕೇ ಬೇಕು ಅಂತ ಆದ ಥೆರಪಿ, ವೀಲ್‌ಚೇರ್, ಮನೆಗೆ ಬರೋ ನರ್ಸ್ ಇವನ್ನ ಮೆಡಿಕೇಡ್ ಕೊಡ್ಲೇಬೇಕು. ಇಲ್ಲಿ ಮೂರು ವರ್ಷ ದಾಟಿದ ಮಗುಗೆ ಕಾಯಿಲೆ ಕಾರಣಕ್ಕೆ ಡಯಾಪರ್ ಬೇಕಾದ್ರೆ ಅದೂ ಸಿಗುತ್ತೆ, ತುಂಬಾ ಜನ ಕೇಳೋದೇ ಇಲ್ಲ ಸಂಕೋಚಕ್ಕೆ. ಭಿಕ್ಷೆ ಏನಲ್ಲ ಇದು, ನಿಮ್ಮ ಮಗನ ಹಕ್ಕು.

ಇನ್‌ಕಮ್ ಜಾಸ್ತಿ ಅಂತ ರಿಜೆಕ್ಟ್ ಆದ ಲೆಟರ್ ಬಂದ್ರೆ ಗಾಬರಿ ಆಗ್ಬೇಡಿ, ಬಹಳ ಸಲ ತಪ್ಪು ಕೆಟಗರಿಯಲ್ಲಿ ನೋಡಿರ್ತಾರೆ. ಎಷ್ಟು ದಿನದೊಳಗೆ ಅಪೀಲ್ ಹಾಕ್ಬೇಕು ಅಂತ ಅದ್ರಲ್ಲೇ ಇರುತ್ತೆ, ಆ ತಾರೀಖು ತಪ್ಪಿಸ್ಬೇಡಿ, ಕವರನ್ನೂ ಎತ್ತಿಡಿ. ಇಂಗ್ಲಿಷಲ್ಲಿ ಕಷ್ಟ ಆದ್ರೆ ಇಂಟರ್‌ಪ್ರಿಟರ್ ಕೇಳಿ, ದುಡ್ಡು ಕೊಡ್ಬೇಕಾಗಿಲ್ಲ. ಪೆನ್ಸಿಲ್ವೇನಿಯಾ ಹೆಲ್ತ್ ಲಾ ಪ್ರಾಜೆಕ್ಟ್ ಅಂತ ಇದೆ, ಇಂಥ ಕೇಸಲ್ಲಿ ಫ್ರೀಯಾಗಿ ಸಹಾಯ ಮಾಡ್ತಾರೆ, ಅವರ ಹೆಲ್ಪ್‌ಲೈನ್‌ಗೆ ಫೋನ್ ಮಾಡಿ. ಡಾಕ್ಟರ್ ಲೆಟರ್ ಕೈಗೆ ಬಂದ ಮೇಲೆ ಹೆಸರು ಗಿಸರು ಮುಚ್ಚಿ ನನಗೊಂದ್ಸಲ ತೋರ್ಸಿ, ಏನಾದ್ರೂ ಬಿಟ್ಟೋಗಿದ್ರೆ ಹೇಳ್ತೀನಿ.